ಮೈಸೂರಿನಲ್ಲಿ ತೀರಿಕೊಂಡ ಗಾಯಕಿ, ಹ್ಯಾನೋವರ್‌ನ ತಟ್ಟೆ: ಮಾಧ್ಯಮ ಚರಿತ್ರೆ ಓದಿದವರಿಗೆ ಕೆಲಸ ಎಲ್ಲಿದೆ?

1902ರ ನವೆಂಬರ್ ತಿಂಗಳು. ಕಲ್ಕತ್ತೆಯ ಹೋಟೆಲೊಂದರ ಕೋಣೆ. ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ತಂತ್ರಜ್ಞರು ಅಲ್ಲಿ ತಮ್ಮ ಯಂತ್ರ ಹೂಡಿಕೊಂಡು ಕೂತಿದ್ದರು. ಪೂರ್ವದ ದೇಶಗಳ ಹಾಡು ತುಂಬಿಕೊಂಡು ಬನ್ನಿ ಎಂದು ಲಂಡನ್ನಿನ ಗ್ರಾಮೋಫೋನ್ ಕಂಪನಿ ಅವರನ್ನು ಕಳಿಸಿತ್ತು. ಮೈಕು ಇನ್ನೂ ಬಂದಿರದ ಕಾಲ. ಹಾಡುವವರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕು. ಆ ಕಡೆ ಮೇಣದ ತಟ್ಟೆ ತಿರುಗುತ್ತಿರುತ್ತದೆ. ಮೂರು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಯಬೇಕು. ಹೆಸರಾಂತ ಗಾಯಕಿ ಗೌಹರ್ ಜಾನ್ ಮುಗಿಸಿದರು. ಮುಗಿಸಿದ ಕೂಡಲೇ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿದರು: "ಮೈ ನೇಮ್ ಈಸ್ ಗೌಹರ್ ಜಾನ್!"

ಅವರ ಹಾಡುಗಳನ್ನು ಯೂಟ್ಯೂಬಿನಲ್ಲಿ ಈಗಲೂ ಕೇಳಬಹುದು. ತರಗತಿಯಲ್ಲಿ ಹಾಕಿದಾಗಲೆಲ್ಲ ಹುಡುಗರು ನಗುತ್ತಾರೆ. ಏನ್ ಸಾರ್ ಇಷ್ಟು ಜಂಬ ಅಂತ. ಜಂಬ ಇದ್ದಿರಬಹುದು, ಅವರಿಗೆ ಒಪ್ಪುತ್ತಿತ್ತು ಬಿಡಿ. ಆದರೆ ಕಾರಣ ಬೇರೆ. ಆ ಮೇಣದ ತಟ್ಟೆ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕಿತ್ತು. ಗ್ರಾಮೋಫೋನ್ ತಟ್ಟೆ ಕಂಡುಹಿಡಿದ ಎಮಿಲ್ ಬರ್ಲಿನರ್ ಹುಟ್ಟಿದ ಊರು ಅದು. ಕಾರ್ಖಾನೆ ಇದ್ದದ್ದೂ ಅಲ್ಲೇ. ಅಲ್ಲಿ ತಟ್ಟೆ ಒತ್ತುವವರಿಗೆ ಹಿಂದುಸ್ತಾನಿಯೂ ಬರದು, ಬಂಗಾಳಿಯೂ ಬರದು. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕು ಅಂತ ಗೊತ್ತಾಗಲಿ ಎಂದು ಹಾಡಿದವರ ಕೈಲೇ ಹೆಸರು ಹೇಳಿಸುತ್ತಿದ್ದರು. ಅಷ್ಟೇ.

ಆ ತಟ್ಟೆ ಯಾವುದರಿಂದ ಮಾಡಿದ್ದು? ಅರಗಿನಿಂದ. ಪಾಂಡವರನ್ನು ಸುಡೋಕೆ ದುರ್ಯೋಧನ ಕಟ್ಟಿಸಿದ ಮನೆಯ ಅದೇ ಅರಗು. ಮುತ್ತುಗ, ಬೋರೆ ಮರಗಳ ಕೊಂಬೆಗೆ ಮುತ್ತಿಕೊಳ್ಳುವ ಸಣ್ಣ ಹುಳ ಒಸರಿಸುವ ಅಂಟು. ಛೋಟಾ ನಾಗಪುರದ ಕಾಡುಗಳಲ್ಲಿ ಆದಿವಾಸಿಗಳು ಕೊಂಬೆಯಿಂದ ಕೆರೆದು ತೆಗೆದದ್ದು ಕಲ್ಕತ್ತೆ ಬಂದರಿನಿಂದ ಹೊರದೇಶಗಳಿಗೆ ಹೋಗುತ್ತಿತ್ತು. ಅದನ್ನು ಕಲ್ಲಿನ ಪುಡಿ, ಮಸಿ ಬೆರೆಸಿ ಬಿಸಿ ಮಾಡಿ ಒತ್ತಿದರೆ ತಟ್ಟೆ. ಅಂದರೆ ನಮ್ಮ ಕಾಡಿನ ಅರಗು ಸಮುದ್ರ ದಾಟಿ ಹೋಗಿ, ನಮ್ಮದೇ ಹಾಡು ಹೊತ್ತುಕೊಂಡು, ನಮಗೇ ಮಾರಾಟಕ್ಕೆ ವಾಪಸು ಬರುತ್ತಿತ್ತು. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ಶುರುವಾದ ಮೇಲೆ ಈ ಸುತ್ತು ತಪ್ಪಿತು. ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಈಗ ಈ ಒಂದು ತಟ್ಟೆಯ ಕಥೆ ಸರಿಯಾಗಿ ಬರೆಯಬೇಕು ಅಂತಿಟ್ಟುಕೊಳ್ಳಿ. ಕಂಪನಿಯ ಹಳೆಯ ಕಡತಗಳು ಲಂಡನ್ ಪಕ್ಕದ ಹೇಯ್ಸ್‌ನಲ್ಲಿವೆ. ಕಾರ್ಖಾನೆ ಇದ್ದದ್ದು ಹ್ಯಾನೋವರ್. ಕೇಳುಗರು, ಅಂಗಡಿಗಳು, ಜಾಹೀರಾತುಗಳು ಕಲ್ಕತ್ತೆಯ ಪತ್ರಿಕೆಗಳಲ್ಲಿ. ಅರಗಿನ ಲೆಕ್ಕ ಅರಣ್ಯ ಇಲಾಖೆಯ ವರದಿಗಳಲ್ಲಿ. ಕೊನೆಯ ಅಧ್ಯಾಯಕ್ಕೆ ಮೈಸೂರು ಅರಮನೆಯ ದಾಖಲೆ ನೋಡಬೇಕು. ಇಂಗ್ಲಿಷು, ಜರ್ಮನ್, ಉರ್ದು, ಬಂಗಾಳಿ ಗೊತ್ತಿರಬೇಕು, ಕನ್ನಡವೂ ಬಂದರೆ ಒಳ್ಳೆಯದು. ಸಂಗೀತದ ಕಿವಿಯೂ ಬೇಕು.

ಇದಕ್ಕೇ ಈಗ ಜಾಗತಿಕ ಮಾಧ್ಯಮ ಚರಿತ್ರೆ ಅಂತ ಹೆಸರು. ಇದನ್ನು ಓದಿಸಲು, ಸಂಶೋಧನೆ ಮಾಡಲು ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಮೇಷ್ಟ್ರುಗಳಿದ್ದಾರೆ. ಹೋದ ವರ್ಷ ನನ್ನ ತರಗತಿಯ ಹುಡುಗಿಯೊಬ್ಬಳು ಇದೇ ತಟ್ಟೆ ಕೇಳಿಸಿದ ಮೇಲೆ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದಳು. "ಸರ್, ಇದನ್ನೇ ಓದ್ತೀನಿ ಅಂದ್ರೆ ಕೆಲಸ ಸಿಗುತ್ತಾ?" ಸಿಗುತ್ತೆ ಅಂತಲೂ ಹೇಳಲಾಗಲಿಲ್ಲ, ಇಲ್ಲ ಅಂತಲೂ ಹೇಳಲಾಗಲಿಲ್ಲ. ಈ ಲೇಖನ ಅವಳಿಗೆ ತಡವಾಗಿ ಕೊಟ್ಟ ಉತ್ತರ ಅಂತ ಬೇಕಾದರೆ ಅಂದುಕೊಳ್ಳಿ.

ಮೊದಲು ಈ ವಿಷಯ ಎಲ್ಲಿಂದ ಬಂತು ನೋಡೋಣ. ಇದನ್ನು ಕಟ್ಟಿದವರಲ್ಲಿ ಹಲವರು ಪತ್ರಿಕೋದ್ಯಮ ಓದಿದವರೇ ಅಲ್ಲ. ಕೆನಡಾದ ಹೆರಾಲ್ಡ್ ಇನ್ನಿಸ್ ಅರ್ಥಶಾಸ್ತ್ರದವರು. ಟೊರಾಂಟೊದಲ್ಲಿ ಮೇಷ್ಟ್ರಾಗಿದ್ದರು. ಅವರು ಬರೆದದ್ದು ಪ್ರಾಣಿಗಳ ತುಪ್ಪಳದ ವ್ಯಾಪಾರ, ರೈಲು ದಾರಿ, ಕಾಡ್ ಮೀನಿನ ಮೇಲೆ. ಆಮೇಲೆ ಕೆನಡಾದ ಮರದ ತಿರುಳಿನ ಉದ್ಯಮಕ್ಕೆ ಬಂದರು. ಮರದ ತಿರುಳಿನಿಂದ ಕಾಗದ, ಕಾಗದದಿಂದ ಅಮೆರಿಕದ ದಿನಪತ್ರಿಕೆ. ಆ ದಾರಿ ಹಿಡಿದು ಹೋದವರು 1940ರ ದಶಕದ ಹೊತ್ತಿಗೆ, ಕಲ್ಲಿನ ಮೇಲೆ ಬರೆಯುವ ಸಾಮ್ರಾಜ್ಯಕ್ಕೂ ಕಾಗದದ ಮೇಲೆ ಬರೆಯುವ ಸಾಮ್ರಾಜ್ಯಕ್ಕೂ ಏನು ವ್ಯತ್ಯಾಸ ಅಂತ ಕೇಳುತ್ತಿದ್ದರು. ಹಲಗೆ ಲೆಕ್ಕದಿಂದ ಹೊರಟು ಆಳುವವರ ಲೆಕ್ಕಕ್ಕೆ ಬಂದ ಹಾಗೆ.

ಇನ್ನೊಂದು ದಾರಿ ಟೆಲಿಗ್ರಾಫ್ ತಂತಿಯದು. ಸಮುದ್ರದಡಿ ತಂತಿ ಹಾಕಬೇಕಾದರೆ ನೀರು ಒಳಗೆ ಹೋಗದ ಹೊದಿಕೆ ಬೇಕು. ಅದು ಸಿಕ್ಕಿದ್ದು ಮಲಯ, ಬೋರ್ನಿಯೊ ಕಡೆಯ ಗಟಾಪರ್ಚಾ ಮರದ ಹಾಲಿನಲ್ಲಿ. ಹಾಲಿಗಾಗಿ ಮರವನ್ನೇ ಕಡಿದು ಕೆಡವುತ್ತಿದ್ದರು. ಆ ಹೊದಿಕೆಯ ತಂತಿ 1866ರಲ್ಲಿ ಅಟ್ಲಾಂಟಿಕ್ ಸಾಗರದಡಿ ಗಟ್ಟಿಯಾಗಿ ಕೂತಿತು. 1870ರಲ್ಲಿ ಬ್ರಿಟನ್ನಿನ ಪೋರ್ಥ್‌ಕರ್ನೊ ಎಂಬ ಸಣ್ಣ ಕಡಲ ಊರಿನಿಂದ ಜಿಬ್ರಾಲ್ಟರ್, ಮಾಲ್ಟಾ, ಸೂಯೆಜ್, ಏಡನ್ ಮೇಲೆ ಮುಂಬಯಿಗೆ ತಂತಿ ಬಂತು. ಮೊದಲು ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿಗೆ ಈಗ ಗಂಟೆಗಳು ಸಾಕು.

ಅದೇ 1870ರಲ್ಲಿ ಇನ್ನೊಂದು ಕೆಲಸ ಆಯಿತು. ಲಂಡನ್ನಿನ ರಾಯ್ಟರ್ಸ್, ಪ್ಯಾರಿಸ್ಸಿನ ಹವಾಸ್, ಬರ್ಲಿನ್ನಿನ ವೋಲ್ಫ್ ಎಂಬ ಮೂರು ಸುದ್ದಿ ಸಂಸ್ಥೆಗಳು ಕೂತು ಜಗತ್ತನ್ನು ಹಂಚಿಕೊಂಡವು. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುತ್ತಾರಲ್ಲ, ಹಾಗೆ. ಬ್ರಿಟಿಷ್ ಸಾಮ್ರಾಜ್ಯ ರಾಯ್ಟರ್ಸ್ ಪಾಲು. ದಕ್ಷಿಣ ಅಮೆರಿಕ, ಇಟಲಿ, ಸ್ಪೇನ್ ಹವಾಸ್ ಪಾಲು. ಸ್ಕ್ಯಾಂಡಿನೇವಿಯಾ, ರಷ್ಯಾದ ಕಡೆ ವೋಲ್ಫ್. ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡುವಂತಿಲ್ಲ. ಈ ಪಾಲುಪಟ್ಟಿ ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ 1934ರ ತನಕ ನಡೆಯಿತು. ಬ್ಯೂನಸ್ ಐರಿಸ್‌ನಲ್ಲಿ ಏನಾಯಿತು ಅಂತ ಬೆಂಗಳೂರಿನವನಿಗೆ ತಿಳಿಯಬೇಕಾದರೆ ಅದು ಪ್ಯಾರಿಸ್ ಮೇಲೆ ಲಂಡನ್ನಿಗೆ ಬಂದು ಇಲ್ಲಿಗೆ ಬರಬೇಕು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ರಾಯ್ಟರ್ಸ್ ಕೈಲಿದ್ದ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾದ ಕೆಲಸವನ್ನು ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ, ಅಂದರೆ ಪಿಟಿಐ, ವಹಿಸಿಕೊಂಡಿತು. ನಾವು ಇವತ್ತೂ ಪತ್ರಿಕೆಯ ಮೂಲೆಯಲ್ಲಿ ಓದುವ ಆ ಮೂರಕ್ಷರದ ಹಿಂದೆ ಇಷ್ಟು ಉದ್ದದ ಜಮೀನು ವ್ಯಾಜ್ಯ ಇದೆ.

ವ್ಯಾಜ್ಯ ಅಲ್ಲಿಗೂ ನಿಲ್ಲಲಿಲ್ಲ. 1970ರ ದಶಕದಲ್ಲಿ ಹೊಸದಾಗಿ ಸ್ವತಂತ್ರವಾದ ದೇಶಗಳು ಯುನೆಸ್ಕೊದಲ್ಲಿ ಇದೇ ತಕರಾರು ಎತ್ತಿದವು. ನಮ್ಮ ಬಗ್ಗೆ ಸುದ್ದಿ ನೀವೇ ಬರೀತೀರಿ, ನಮಗೇ ಮಾರ್ತೀರಿ ಅಂತ. ಐರ್ಲೆಂಡಿನ ಶಾನ್ ಮ್ಯಾಕ್‌ಬ್ರೈಡ್ ನೇತೃತ್ವದಲ್ಲಿ 16 ಜನರ ಆಯೋಗ ಕೂತಿತು. ಅದರಲ್ಲಿ ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಇದ್ದರು. ನಮ್ಮ ದೇಶದಿಂದ ಪತ್ರಕರ್ತ ಬಿ.ಜಿ. ವರ್ಗೀಸ್ ಇದ್ದರು. 1980ರಲ್ಲಿ ವರದಿ ಬಂತು. 1984ರ ಕೊನೆಗೆ ಅಮೆರಿಕ ಯುನೆಸ್ಕೊ ಬಿಟ್ಟು ಹೊರಟಿತು, ಮರುವರ್ಷ ಬ್ರಿಟನ್ ಕೂಡ. ಕಾರಣ ಇದೊಂದೇ ಅಲ್ಲ, ಆದರೆ ಇದು ದೊಡ್ಡ ಕಾರಣ. ಮಾಧ್ಯಮದ ಪಾಠದ ಮೇಲೆ ದೇಶಗಳು ಸಂಸ್ಥೆ ಬಿಟ್ಟು ಎದ್ದು ಹೋದದ್ದೂ ಉಂಟು ಅಂದರೆ ಹುಡುಗರು ನಂಬುವುದೇ ಇಲ್ಲ.

ಇನ್ನು ಕೆಲಸದ ಮಾತು.

ಈ ವೃತ್ತಿಯ ಒಂದು ಒಳ್ಳೆಯ ಉದಾಹರಣೆ ರಾಬಿನ್ ಜೆಫ್ರಿ. ಕೆನಡಾದವರು. ಮೊದಲು ಪತ್ರಿಕೆಯೊಂದರಲ್ಲಿ ವರದಿಗಾರ. 1960ರ ದಶಕದ ಕೊನೆಯಲ್ಲಿ ಚಂಡೀಗಡಕ್ಕೆ ಬಂದು ಶಾಲೆಯಲ್ಲಿ ಪಾಠ ಹೇಳಿದರು. ಆಮೇಲೆ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ತಿರುವಾಂಕೂರಿನ ಚರಿತ್ರೆ ಮೇಲೆ ಪಿಎಚ್‌ಡಿ. ನಂತರ ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ಮೇಷ್ಟ್ರು. ತುರ್ತು ಪರಿಸ್ಥಿತಿ ಕಳೆದ ಮೇಲೆ ನಮ್ಮ ದೇಶಭಾಷೆಗಳ ಪತ್ರಿಕೆಗಳು ಯಾಕೆ ಈ ಪರಿ ಬೆಳೆದವು ಅನ್ನುವ ಪ್ರಶ್ನೆ ಹಿಡಿದು 1990ರ ದಶಕದಲ್ಲಿ ಊರೂರು ಅಲೆದರು. ಕನ್ನಡ ಪತ್ರಿಕೆಗಳನ್ನೂ ಬಿಡಲಿಲ್ಲ. ಮಾಲೀಕರು, ಜಾಹೀರಾತು ಮ್ಯಾನೇಜರು, ಪ್ರಸಾರ ವಿಭಾಗದವರು, ಎಲ್ಲರ ಜೊತೆ ಕೂತು ಮಾತಾಡಿದರು. ಪ್ರಸಾರ ಸಂಖ್ಯೆಯ ಪಟ್ಟಿಗಳನ್ನು ಕಾದಂಬರಿ ಓದುವಂತೆ ಓದಿದರು. ಆಫ್‌ಸೆಟ್ ಮುದ್ರಣ, ಓದು ಬರಹ ಕಲಿತವರ ಸಂಖ್ಯೆ, ಜಿಲ್ಲಾ ಆವೃತ್ತಿ, ಸಣ್ಣ ಊರಿನ ಅಂಗಡಿಯವನ ಜಾಹೀರಾತು, ಇವೆಲ್ಲ ಒಂದಕ್ಕೊಂದು ಹೇಗೆ ಹೊಂದಿಕೊಂಡವು ಅಂತ ತೋರಿಸಿದರು.

ಗಮನಿಸಿ, ಪಿಎಚ್‌ಡಿ ಒಂದು ವಿಷಯ, ಜನ ನೆನಪಿಟ್ಟುಕೊಂಡ ಕೆಲಸ ಇನ್ನೊಂದು. ನಡುವೆ ಹತ್ತಾರು ವರ್ಷದ ಖಾಯಂ ಕೆಲಸ ಇತ್ತು. ಸಂಬಳ ಬರುತ್ತಿತ್ತು. ರಜೆ ಹಾಕಿ ಬಂದು ಕೊಟ್ಟಾಯಂನಲ್ಲೋ ಕಾನ್ಪುರದಲ್ಲೋ ಕೂರಬಹುದಿತ್ತು. ತಪ್ಪು ದಾರಿಯಲ್ಲಿ ಆರು ತಿಂಗಳು ಹೋಗಿ ವಾಪಸು ಬರಬಹುದಿತ್ತು. ಇಂಥ ಚರಿತ್ರೆ ಬರೆಯೋಕೆ ಬೇಕಾದದ್ದು ಅದೇ: ಭಾಷೆ ಕಲಿಯುವಷ್ಟು ಸಮಯ, ನಾಲ್ಕು ಊರು ಸುತ್ತುವಷ್ಟು ದುಡ್ಡು, ಕೂತು ಯೋಚಿಸುವಷ್ಟು ಭದ್ರತೆ. ಈಗ ವಿಶ್ವವಿದ್ಯಾಲಯಗಳು ಕೊಡಲು ಹಿಂದೇಟು ಹಾಕುತ್ತಿರುವುದೂ ಸರಿಯಾಗಿ ಆ ಮೂರನ್ನೇ.

ಜರ್ಮನಿಯನ್ನೇ ತಗೊಳ್ಳಿ. ಅಲ್ಲಿನ ಕಾನೂನಿನ ಪ್ರಕಾರ ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ಗುತ್ತಿಗೆ ಮೇಲೆ ಇಟ್ಟುಕೊಳ್ಳಬಹುದು. ಅಷ್ಟರೊಳಗೆ ಪ್ರೊಫೆಸರ್ ಹುದ್ದೆ ಸಿಗದಿದ್ದರೆ ಹೆಚ್ಚಿನವರಿಗೆ ಬಾಗಿಲು ಮುಚ್ಚಿದ ಹಾಗೆ. ಅಲ್ಲಿನ ಶಿಕ್ಷಣ, ಸಂಶೋಧನಾ ಸಚಿವಾಲಯದ 2018ರ ಒಂದು ವಿಡಿಯೊದಲ್ಲಿ ಹಾನಾ ಎಂಬ ಕಲ್ಪಿತ ಸಂಶೋಧಕಿಯನ್ನು ತೋರಿಸಿ, ಹೀಗೆ ಜನ ಬದಲಾಗುತ್ತಿದ್ದರೇ ಹೊಸತನ ಬರೋದು ಎಂದು ವಿವರಿಸಿದ್ದರು. 2021ರಲ್ಲಿ ಅದನ್ನು ನೋಡಿ ರೇಗಿದ ಸಾವಿರಾರು ಸಂಶೋಧಕರು 'ನಾನೇ ಹಾನಾ' ಅಂತ ಟ್ವಿಟರಿನಲ್ಲಿ ತಮ್ಮ ಗುತ್ತಿಗೆಯ ಲೆಕ್ಕ ಬರೆದರು. ಬ್ರಿಟನ್ನಿನಲ್ಲಿ ಹೊರದೇಶದ ವಿದ್ಯಾರ್ಥಿಗಳ ಫೀಸಿನ ಮೇಲೆ ನಿಂತ ವಿಶ್ವವಿದ್ಯಾಲಯಗಳು ದುಡ್ಡಿಗೆ ಕಷ್ಟ ಬಂದಾಗ ಮೊದಲು ಕತ್ತರಿ ಹಾಕುವುದು ಚರಿತ್ರೆ, ಭಾಷೆ, ಮಾಧ್ಯಮ ಅಧ್ಯಯನದ ಕಡೆಗೇ. ಭಾಷೆ ಕಲಿಸುವ ವಿಭಾಗ ಮುಚ್ಚಿದರೆ ನಾಲ್ಕು ಭಾಷೆಯ ದಾಖಲೆ ಓದುವ ಚರಿತ್ರೆಕಾರ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ 2025ರ ಏಪ್ರಿಲ್‌ನಲ್ಲಿ ಮಾನವಿಕ ವಿಷಯಗಳಿಗೆ ಹಣ ಕೊಡುವ ಕೇಂದ್ರ ಸಂಸ್ಥೆ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ನಡುದಾರಿಯಲ್ಲೇ ರದ್ದು ಮಾಡಿತು.

ತಮಾಷೆ ಅಂದರೆ, ಈ ವಿಷಯದ ಮೇಷ್ಟ್ರುಗಳು ಓದಿಸುವ ಮಾಧ್ಯಮಗಳೂ ಇದೇ ಹೊತ್ತಿನಲ್ಲಿ ಮುಚ್ಚುತ್ತಿವೆ. 1940ರಲ್ಲಿ ಶುರುವಾದ ಬಿಬಿಸಿಯ ಹಿಂದಿ ರೇಡಿಯೊ 2020ರ ಜನವರಿಯಲ್ಲಿ ನಿಂತಿತು. 1938ರಿಂದ ಇದ್ದ ಅರಬ್ಬಿ ರೇಡಿಯೊ 2023ರಲ್ಲಿ ನಿಂತಿತು. ಯುದ್ಧದ ನಡುವೆ, 1942ರಲ್ಲಿ, ಹುಟ್ಟಿದ ವಾಯ್ಸ್ ಆಫ್ ಅಮೆರಿಕದ ಸಾವಿರಕ್ಕೂ ಹೆಚ್ಚು ಸಿಬ್ಬಂದಿಯನ್ನು 2025ರ ಮಾರ್ಚ್‌ನಲ್ಲಿ ಒಂದೇ ಏಟಿಗೆ ರಜೆ ಮೇಲೆ ಕಳಿಸಿದರು. ಕೋರ್ಟು ಕಚೇರಿ ಶುರುವಾಯಿತು. ಈ ಬಾನುಲಿಗಳು ಯಾಕೆ ಹುಟ್ಟಿದವು, ಯಾರು ಯಾರ ಕಿವಿಗೆ ಏನು ಹಾಕುತ್ತಿದ್ದರು ಅಂತ ವಿವರಿಸಬೇಕಾದವರಿಗೆ ಇದಕ್ಕಿಂತ ಕೆಲಸ ಇರುವ ಕಾಲ ಬೇರೆ ಇಲ್ಲ. ಹುದ್ದೆ ಮಾತ್ರ ಇಲ್ಲ.

ನಮ್ಮ ಕಡೆ ಕಥೆ ಬೇರೆ ಥರ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಪತ್ರಿಕೋದ್ಯಮದ ಪಾಠ ಶುರುವಾಯಿತು. ಅದನ್ನು ಕಟ್ಟಿದ ನಾಡಿಗ ಕೃಷ್ಣಮೂರ್ತಿಯವರು ಭಾರತೀಯ ಪತ್ರಿಕೋದ್ಯಮದ ಚರಿತ್ರೆಯನ್ನೇ ಬರೆದವರು. ಅಂದರೆ ಬುಡದಲ್ಲೇ ಚರಿತ್ರೆ ಇತ್ತು. ಈಗಿನ ಸಿಲೆಬಸ್ ನೋಡಿ. ಮೊದಲ ಸೆಮಿಸ್ಟರಿನಲ್ಲಿ ಒಂದು ಯೂನಿಟ್ ಚರಿತ್ರೆ. ಗುಟೆನ್‌ಬರ್ಗ್‌ನಿಂದ ಶುರು, 1780ರಲ್ಲಿ ಭಾರತದ ಮೊದಲ ಪತ್ರಿಕೆ ತಂದ ಹಿಕ್ಕಿ, 1843ರಲ್ಲಿ ಮಂಗಳೂರು ಸಮಾಚಾರ, ಆಮೇಲೆ ಸೀದಾ ಪಿಟಿಐ. ಕಾಲೇಜು ಮೇಷ್ಟ್ರಾಗಲು ಬರೆಯುವ ನೆಟ್ ಪರೀಕ್ಷೆಗೂ ಇಷ್ಟೇ ಸಾಕು, ಇಸವಿ ಬಾಯಿಪಾಠ ಮಾಡಿದರೆ ಅರ್ಧ ಗೆದ್ದ ಹಾಗೆ. ಉಳಿದ ಸೆಮಿಸ್ಟರೆಲ್ಲ ಕ್ಯಾಮೆರಾ, ಎಡಿಟಿಂಗು, ಈಗ ರೀಲ್ಸು. ನಾನಿದನ್ನು ಬೈಯುವುದಿಲ್ಲ. ಚಿತ್ರದುರ್ಗದಿಂದ ಸಾಲ ಮಾಡಿ ಬಂದ ಹುಡುಗನಿಗೆ ಮೂರು ವರ್ಷದ ಕೊನೆಗೆ ಕೆಲಸ ಬೇಕು, ಎಡಿಟಿಂಗ್ ಗೊತ್ತಿದ್ದರೆ ಸಿಗುತ್ತೆ. ಆದರೆ ಅವನಿಗೆ ಜಗತ್ತು ಒಂದು ಡಬ್ಬಿ, ಭಾರತ ಒಂದು ಡಬ್ಬಿ, ಕರ್ನಾಟಕ ಇನ್ನೊಂದು ಡಬ್ಬಿ ಅಂತ ಕಲಿಸುತ್ತೇವಲ್ಲ, ಅದು ತಪ್ಪು.

ಮಂಗಳೂರು ಸಮಾಚಾರವನ್ನೇ ನೋಡಿ. ಜುಲೈ 1ರಂದು ಪ್ರತಿ ವರ್ಷ ಪತ್ರಿಕಾ ದಿನಾಚರಣೆ. ಹೂವಿನ ಹಾರ, ಶಾಲು, ಭಾಷಣ. ಕನ್ನಡದ ಮೊದಲ ಪತ್ರಿಕೆ ಅಂತ ಎಲ್ಲರಿಗೂ ಗೊತ್ತು. ಅದನ್ನು ತಂದವರು ಹರ್ಮನ್ ಮೊಗ್ಲಿಂಗ್, ಜರ್ಮನಿಯವರು. ಅವರನ್ನು ಕಳಿಸಿದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್. ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಣ. ಆಮೇಲೆ ಪತ್ರಿಕೆ ಬಳ್ಳಾರಿಗೆ ಹೋಯಿತು, ಹೆಸರು ಕನ್ನಡ ಸಮಾಚಾರ ಆಯಿತು. ಯಾಕೆ ಹೋಯಿತು, ದುಡ್ಡು ಯಾರು ಕೊಟ್ಟರು, ಮಿಷನ್ನಿನ ದೊಡ್ಡವರು ಇದಕ್ಕೆ ಏನಂದರು ಅಂತ ತಿಳಿಯಬೇಕಾದರೆ ಬಾಸೆಲ್‌ಗೆ ಹೋದ ಕಾಗದಪತ್ರಗಳನ್ನು ನೋಡಬೇಕು. ಅವು ಜರ್ಮನ್ ಭಾಷೆಯಲ್ಲಿವೆ. ಅಚ್ಚಾದ ಜರ್ಮನ್ ಅಲ್ಲ, ಕೈಬರಹ. ಅದೂ ಈಗಿನ ಜರ್ಮನ್ನರಿಗೇ ಓದಲು ಬಾರದ ಕರ್ರೆಂಟ್ ಎಂಬ ಹಳೆಯ ಮೋಡಿ. ನಮ್ಮ ಕಡೆ ಹಳೇ ದಫ್ತರದ ಮೋಡಿ ಲಿಪಿ ಓದುವವರು ಅಪರೂಪ ಆಗಿದ್ದಾರಲ್ಲ, ಹಾಗೇ. ಕನ್ನಡದ ಮೊದಲ ಪತ್ರಿಕೆಯ ಚರಿತ್ರೆ ಬರೆಯೋನಿಗೆ ಕನ್ನಡ ಒಂದೇ ಸಾಲದು, ಬರೇ ಜರ್ಮನ್ನೂ ಸಾಲದು. ಎರಡೂ ಬರುವವರನ್ನು ಯಾವ ವಿಶ್ವವಿದ್ಯಾಲಯ ತಯಾರು ಮಾಡುತ್ತಿದೆ?

ಆಕಾಶವಾಣಿಯ ಕಥೆಯೂ ಇಂಥದ್ದೇ. ಆ ಹೆಸರು ಮೈಸೂರಿನದು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ನಿಲಯ ಶುರು ಮಾಡಿದರು. ಅವರು ಓದಿದ್ದು ಲಂಡನ್ನಿನಲ್ಲಿ. ಬಿಬಿಸಿ ಎಳೆಯದಾಗಿದ್ದ ಕಾಲ ಅದು. ಮನಶ್ಶಾಸ್ತ್ರದ ಮೇಷ್ಟ್ರಿಗೆ ಬಾನುಲಿ ಮೇಲೆ ಯಾಕೆ ಆಸೆ ಹುಟ್ಟಿತು ಅನ್ನುವುದು ಒಳ್ಳೆ ಪ್ರಶ್ನೆ. ಉತ್ತರಿಸಲು ಆಗಿನ ಪ್ರಸಾರ ಕೇಳೋಣ ಅಂದರೆ ಆಗೋದಿಲ್ಲ. ಆಗ ಹಾಡಿದ್ದು, ಮಾತಾಡಿದ್ದು ಎಲ್ಲ ನೇರವಾಗಿ ಗಾಳಿಗೆ ಹೋಗುತ್ತಿತ್ತು, ಗಾಳಿಯಲ್ಲೇ ಕರಗುತ್ತಿತ್ತು. ಸಿನಿಮಾದ ಸ್ಥಿತಿಯೂ ಹೀಗೇ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಸ್ಟುಡಿಯೊದಲ್ಲಿ. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗುವ ಹೊತ್ತಿಗೆ ಎಷ್ಟೋ ರೀಲುಗಳು ಹಾಳಾಗಿದ್ದವು. ಉಳಿದ ಹಳೆಯ ನೈಟ್ರೇಟ್ ರೀಲುಗಳಲ್ಲೂ ಬಹಳಷ್ಟು 2003ರ ಜನವರಿಯ ಬೆಂಕಿಯಲ್ಲಿ ಹೋದವು. ನೈಟ್ರೇಟ್ ಅಂದರೆ ಸಿಡಿಮದ್ದಿನ ನೆಂಟ, ಹತ್ತಿದರೆ ಆರಿಸಲಾಗದು.

ಈ ನಷ್ಟವೆಲ್ಲ ಹಳೆಯದಾಯಿತು, ಈಗ ಎಲ್ಲ ಡಿಜಿಟಲ್ ಆಗ್ತಿದೆಯಲ್ಲ ಅನ್ನಬಹುದು. ಅಲ್ಲೇ ಇರೋದು ತೊಡಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ಎಂಬ ತಾಣದಲ್ಲಿ ಅಲ್ಲಿನ ಹಳೆಯ ಪತ್ರಿಕೆಗಳು ರಾಶಿರಾಶಿ ಇವೆ, ಪೂರ್ತಿ ಉಚಿತ. ಒಂದು ಪದ ಟೈಪ್ ಮಾಡಿದರೆ ಅದು ಬಂದ ಪುಟ ಎದುರಿಗೆ ಬರುತ್ತದೆ. ಕೋಲಾರ ಚಿನ್ನದ ಗಣಿಯ ಬಗ್ಗೆ ನೂರು ವರ್ಷದ ಹಿಂದೆ ಆಸ್ಟ್ರೇಲಿಯಾದ ಪತ್ರಿಕೆಗಳು ಏನು ಬರೆದವು ಅಂತ ಕೋಲಾರದಲ್ಲಿ ಚಾಪೆ ಮೇಲೆ ಕೂತು ಓದಬಹುದು. ಬ್ರಿಟನ್ನಿನ ಹಳೆಯ ಪತ್ರಿಕೆಗಳೂ ಸಿಗುತ್ತವೆ, ಬಹುಪಾಲಿಗೆ ಚಂದಾ ಕಟ್ಟಬೇಕು. ಅದೇ ವರ್ಷ, ಅದೇ ಗಣಿಯ ಬಗ್ಗೆ ಕನ್ನಡ ಪತ್ರಿಕೆ ಏನು ಬರೆಯಿತು? ಅದಕ್ಕೆ ಗ್ರಂಥಾಲಯಕ್ಕೆ ಹೋಗಬೇಕು, ಅರ್ಜಿ ಬರೆಯಬೇಕು, ಸಂಪುಟ ಇದೆಯೋ ಇಲ್ಲವೋ ಕಾಯಬೇಕು. ಸಿಕ್ಕರೂ ಹಾಳೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅಗ್ಗದ ಕಾಗದದಲ್ಲಿರುವ ಆಮ್ಲ ಅದನ್ನು ಒಳಗಿಂದಲೇ ತಿಂದಿರುತ್ತದೆ.

ಸ್ಕ್ಯಾನ್ ಮಾಡುವವರು ಇಲ್ಲ ಅಂತಲ್ಲ. ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಡ್ಜ್ ತಂಡ ಕನ್ನಡದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕುತ್ತಿದೆ. ಅವರಿಗೆ ನಮಸ್ಕಾರ. ಆದರೆ ಸ್ಕ್ಯಾನ್ ಆದ ಮಾತ್ರಕ್ಕೆ ಹುಡುಕಲು ಆಗೋದಿಲ್ಲ. ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರ್ ಓದಬೇಕು. ಹಳೆಯ ಕನ್ನಡ ಅಚ್ಚಿನಲ್ಲಿ ಒತ್ತಕ್ಷರ ಕೆಳಗೆ ಜಾರಿರುತ್ತದೆ, ಮೊಳೆ ಸವೆದಿರುತ್ತದೆ, ಮಸಿ ಹರಡಿರುತ್ತದೆ. ಕಂಪ್ಯೂಟರ್ 'ಕ್ಷಾಮ'ವನ್ನು ಇನ್ನೇನೋ ಅಂತ ಓದುತ್ತದೆ. ಕ್ಷಾಮ ಅಂತ ಹುಡುಕಿದವನಿಗೆ ಆ ವರ್ಷ ಕ್ಷಾಮವೇ ಇರಲಿಲ್ಲ ಅನ್ನಿಸುತ್ತದೆ. ಈಗಿನ ಸಂಶೋಧನೆಯಲ್ಲಿ ನನಗೆ ಅತಿ ಜಾಸ್ತಿ ಭಯ ಹುಟ್ಟಿಸುವ ಸಂಗತಿ ಇದು. ಸಮಯ ಇಲ್ಲದ, ಗುತ್ತಿಗೆ ಮೇಲಿರುವ, ಮೂರು ವರ್ಷದಲ್ಲಿ ನಾಲ್ಕು ಪ್ರಬಂಧ ಬರೆಯಲೇಬೇಕಾದ ಸಂಶೋಧಕ ಸಹಜವಾಗಿ ಹುಡುಕಿದರೆ ಸಿಗುವ ಕಡೆ ಹೋಗುತ್ತಾನೆ. ಸಿಗುವುದು ಇಂಗ್ಲಿಷಿನಲ್ಲಿ. ಅವನು ಬರೆದದ್ದಕ್ಕೆ ಹೆಸರು 'ಜಾಗತಿಕ'. ರಾಯ್ಟರ್ಸ್ ತಂತಿಯ ಮೇಲೆ ಹೋದ ಸುದ್ದಿ ಸಿಡ್ನಿಯಲ್ಲಿ ಅಚ್ಚಾಗಿ, ಈಗ ಟ್ರೋವ್‌ನಲ್ಲಿ ಸಿಗುತ್ತದೆ. ಅವತ್ತು ಹಂಚಿಕೊಂಡ ಪಾಲುಪಟ್ಟಿಯೇ ಇವತ್ತು ಹುಡುಕಾಟದ ಪಟ್ಟಿಯಾಗಿ ಬಂದು ಕೂತಿದೆ.

ಅದೂ ಗಟ್ಟಿಯಲ್ಲ. 2023ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ಸುಲಿಗೆಕೋರರ ದಾಳಿಯಾಯಿತು. ತಿಂಗಳುಗಟ್ಟಲೆ ಅವರ ಕ್ಯಾಟಲಾಗೇ ಕೆಲಸ ಮಾಡಲಿಲ್ಲ. ನಮ್ಮ ದೇಶದ ವಸಾಹತು ಕಾಲದ ದಾಖಲೆಗಳಲ್ಲಿ ದೊಡ್ಡ ಪಾಲು ಅಲ್ಲೇ ಇರೋದು. ಇಲ್ಲಿಂದ ಸಾಲ ಮಾಡಿ ವೀಸಾ ತೆಗೆದು ಹೋದವರು ಯಾವ ಪೆಟ್ಟಿಗೆ ಕೇಳಬೇಕು ಅಂತಲೂ ಗೊತ್ತಾಗದೆ ಕೂತಿರಬೇಕಾಗಿತ್ತು.

ಹಾಗಾದರೆ ಆ ಹುಡುಗಿಗೆ ನಾನು ಏನು ಹೇಳಬೇಕಿತ್ತು? ದುಡ್ಡಿನ ಲೆಕ್ಕ ಮೊದಲು. ಸಂಶೋಧನೆಗೆ ಸರ್ಕಾರ ಕೊಡುವ ಜೆಆರ್‌ಎಫ್ ವಿದ್ಯಾರ್ಥಿವೇತನ ಸಿಕ್ಕರೆ (2023ರಲ್ಲಿ ಅದು ಶುರುವಿಗೆ ತಿಂಗಳಿಗೆ 37,000 ರೂಪಾಯಿ ಇತ್ತು) ಐದು ವರ್ಷದ ಪಿಎಚ್‌ಡಿ ದೂಡಬಹುದು. ಸಿಗದಿದ್ದರೆ ಅತಿಥಿ ಉಪನ್ಯಾಸಕಿ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಇವರ ಮೇಲೇ ನಡೆಯುತ್ತಿವೆ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್, ಬೇಡಿಕೆ ಇಟ್ಟು ರಸ್ತೆಯಲ್ಲಿ ಕೂರುವುದು ಬೇರೆ. ಹೊರದೇಶಕ್ಕೆ ಹೋದರೆ ಪಿಎಚ್‌ಡಿಗೆ ಹಣ ಸಿಗುವ ಸಾಧ್ಯತೆ ಇದೆ, ಆಮೇಲಿನದು ಹಾನಾಳ ಕಥೆ.

ಎರಡನೆಯದು, ಅವಳ ಕೈಲಿ ಇರುವುದು. ಅವಳ ಅಮ್ಮನ ಕಡೆಯವರು ಮಂಗಳೂರಿನವರು. ತುಳು, ಕನ್ನಡ ಎರಡೂ ಬರುತ್ತವೆ. ಬ್ಯಾರಿ ಅರ್ಥ ಆಗುತ್ತದೆ. ಕೇಂಬ್ರಿಜ್‌ನಲ್ಲಿ ಕೂತ ಯಾವ ಸಂಶೋಧಕನೂ ಇದನ್ನು ಎರಡು ವರ್ಷದಲ್ಲಿ ಕಲಿಯಲಾರ. ಜಾಗತಿಕ ಅಂದರೆ ದೂರದ ವಿಷಯ ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ಗೌಹರ್ ಜಾನ್ ತಟ್ಟೆಯ ಒಂದು ತುದಿ ಮೈಸೂರಿನಲ್ಲಿದೆ, ಮೊಗ್ಲಿಂಗರ ಕಲ್ಲಚ್ಚಿನ ಒಂದು ತುದಿ ಮಂಗಳೂರಿನ ಬಲ್ಮಠದಲ್ಲಿದೆ. ಆ ತುದಿ ಹಿಡಿದು ಎಳೆಯುವ ಕೆಲಸಕ್ಕೆ ಇಲ್ಲಿಯವರೇ ಹೆಚ್ಚು ಅನುಕೂಲದಲ್ಲಿದ್ದಾರೆ. ಎಳೆಯಲು ಯಾರೂ ಸಂಬಳ ಕೊಡುತ್ತಿಲ್ಲ ಅನ್ನುವುದೇ ಕಷ್ಟ. ಪತ್ರಿಕೋದ್ಯಮ ವಿಭಾಗಕ್ಕೆ ಹೋದರೆ ಇದು ಚರಿತ್ರೆ ಕಣಮ್ಮ ಅಂತಾರೆ. ಚರಿತ್ರೆ ವಿಭಾಗಕ್ಕೆ ಹೋದರೆ ಇದು ಪತ್ರಿಕೋದ್ಯಮ ಅಂತಾರೆ. ಎರಡು ವಿಭಾಗಕ್ಕೂ ಸೇರಿದ ಒಂದು ಹುದ್ದೆ, ಜೊತೆಗೆ ಒಂದು ವಿದೇಶಿ ಭಾಷೆ ಕಲಿಯಲು ಒಂದು ವರ್ಷದ ಸಂಬಳ. ರಾಜ್ಯದ ಯಾವುದೇ ಒಂದು ವಿಶ್ವವಿದ್ಯಾಲಯ ಇಷ್ಟು ಮಾಡಿದರೂ ಸಾಕು. ದೊಡ್ಡ ಕಟ್ಟಡ ಬೇಡ, ಅಧ್ಯಯನ ಪೀಠದ ಉದ್ಘಾಟನೆಯೂ ಬೇಡ. ಪೀಠಗಳು ಈಗಾಗಲೇ ಬೇಕಾದಷ್ಟಿವೆ, ಅದರ ಮೇಲೆ ಕೂರುವವರು ಇಲ್ಲ.

ಹುಡುಗಿ ಈಗ ಬೆಂಗಳೂರಿನಲ್ಲಿ ಒಂದು ಕಂಪನಿಗೆ ವಿಡಿಯೊ ಎಡಿಟ್ ಮಾಡುತ್ತಿದ್ದಾಳೆ. ನೆಟ್ ಪಾಸಾಗಿದೆ, ಜೆಆರ್‌ಎಫ್ ಕೆಲವೇ ಅಂಕದಲ್ಲಿ ತಪ್ಪಿತು. ಮತ್ತೆ ಬರೆಯುತ್ತಾಳಂತೆ. ಕಳೆದ ತಿಂಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ್ದಳು. ನಾಲ್ಕು ಗೆರೆಯ ಕಾಪಿ ಪುಸ್ತಕ, ಒಂದನೇ ಕ್ಲಾಸಿನ ಮಕ್ಕಳದ್ದು. ಅದರ ತುಂಬ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಓಡುವ ಗೀಟುಗಳು. ಕರ್ರೆಂಟ್ ಲಿಪಿ. ರಾತ್ರಿ ಊಟ ಆದ ಮೇಲೆ ದಿನಕ್ಕೊಂದು ಪುಟ ತಿದ್ದುತ್ತಿದ್ದಾಳೆ. ಕೆಳಗೆ ಬರೆದಿದ್ದಳು: "ಸರ್, ಇದರಲ್ಲಿ 'ಇ' ಯಾವುದು 'ಎನ್' ಯಾವುದು ಅಂತಲೇ ಗೊತ್ತಾಗ್ತಿಲ್ಲ, ಎರಡೂ ಒಂದೇ ಥರ ಇದೆ."